ಡಸ್ಟರ್ ಮುಟ್ಟದ ಮೂಲೆ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರಾಂಕಿಯಾದಲ್ಲಿ ಯಾವ ಮಗುವೂ ಕೋಣೆಯೊಳಗೆ ಕೂತಿರಲಾರದು ಎನ್ನುವುದು ಪೆರ್ಲಾ ಬೆಹಾರ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಹೊರಗೆ ಸಮುದ್ರದ ಕಡೆಯ ಗಾಳಿ ಬಾದಾಮಿ ಮರವನ್ನು ಹಿಡಿದು ಅಲುಗಾಡಿಸುತ್ತಿರುತ್ತದೆ. ಬೀದಿಯಲ್ಲಿ ಐಸ್ ಹೆರೆದು ಮಾರುವವನ ಗಂಟೆ, ಪಕ್ಕದ ಮೈದಾನದಲ್ಲಿ ಚೆಂಡು ಒದೆಯುವ ಸದ್ದು. ಇದನ್ನೆಲ್ಲ ಬಿಟ್ಟು ಯೆಹೂದಿಗಳ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ, ಕಿರ್ ಕಿರ್ ಎನ್ನುವ ಫ್ಯಾನಿನ ಕೆಳಗೆ, ಬಲದಿಂದ ಎಡಕ್ಕೆ ಓದುವ ಹೀಬ್ರೂ ಅಕ್ಷರ ಕಲಿಯಲು ಯಾವ ಮಗು ತಾನೇ ಖುಷಿಯಿಂದ ಬಂದೀತು? ಇದೆಲ್ಲ ಗೊತ್ತಿದ್ದೂ ಅವಳು ಇಪ್ಪತ್ತೇಳು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಳು. ಇಪ್ಪತ್ತೇಳು ವರ್ಷವೂ ಸಿಟ್ಟಿನಲ್ಲೇ ಮಾಡಿದ್ದಳು.

ಸಿಟ್ಟು ಶುರುವಾದದ್ದೇ ಒಂದು ಮೋಸದಿಂದ. ಆಗ ಪಾಠ ಹೇಳುತ್ತಿದ್ದ ಮೇಷ್ಟ್ರು, ಮೆಡೆಯಿನ್‌ನಲ್ಲಿರುವ ತಂಗಿಯನ್ನು ನೋಡಿಕೊಂಡು ಬರುತ್ತೇನೆ, ಎರಡೇ ಎರಡು ಭಾನುವಾರ ಮಕ್ಕಳನ್ನು ಸುಧಾರಿಸಿಕೋ ಎಂದು ಸೀಮೆಸುಣ್ಣದ ಡಬ್ಬಿಯನ್ನು ಅವಳ ಕೈಗಿತ್ತು ಬಸ್ಸು ಹತ್ತಿದರು. ಅಲ್ಲಿ ಯಾರನ್ನೋ ಮದುವೆಯಾಗಿ ಅಲ್ಲೇ ಉಳಿದರು. ಮೂರನೆಯ ಭಾನುವಾರ ಪೆರ್ಲಾ ಆ ಡಬ್ಬಿಯನ್ನು ತಂದು ಮಂದಿರದ ಸಮಿತಿಯವರ ಮುಂದಿಟ್ಟಳು. ಅವರು ಅದನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದರು. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಅಣ್ಣನ ಬಟ್ಟೆ ಅಂಗಡಿಯಲ್ಲಿ ಮೀಟರ್ ಕೋಲು ಹಿಡಿದು ನಿಂತು ಕಾಲು ಊದಿಸಿಕೊಳ್ಳುವುದು, ಶನಿವಾರ ಪ್ರಾರ್ಥನೆ, ದೇವರ ವಿರಾಮದ ದಿನವಾದ ಶನಿವಾರ ಕೈಯಲ್ಲಿ ಸೀಮೆಸುಣ್ಣ ಹಿಡಿಯುವಂತಿಲ್ಲವಾದ್ದರಿಂದ ಮಕ್ಕಳ ಪಾಠ ಭಾನುವಾರ. ಹೀಗೆ ಮಲಗಿ ಏಳಲು ಇದ್ದ ಒಂದೇ ಒಂದು ಬೆಳಗೂ ಕೈಬಿಟ್ಟು ಹೋಯಿತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಭಾನುವಾರ ಪುರುಸೊತ್ತಿರಲಿಲ್ಲ" ಎನ್ನುತ್ತಿದ್ದಳು.

ಇಷ್ಟಾಗಿ ಬಂದ ಫಲವಾದರೂ ಏನು? ಅವಳ ಕೈಯಲ್ಲಿ ಕಲಿತವರು ಈಗ ಹಲ್ಲಿನ ಡಾಕ್ಟರು, ಮೋಟಾರು ಬಿಡಿಭಾಗದ ಅಂಗಡಿಯವರು, ಇಬ್ಬರು ವಕೀಲರು. ಹಬ್ಬದ ದಿನ ಕೈಗೆ ಪ್ರಾರ್ಥನೆಯ ಪುಸ್ತಕ ಕೊಟ್ಟರೆ ತುಟಿ ಅಲುಗಾಡಿಸುತ್ತ ಓದಿದ ಹಾಗೆ ನಟಿಸುತ್ತಾರೆ. ಎರಡು ಪುಟ ಒಟ್ಟಿಗೆ ಮಗುಚಿದರೂ ಅವರಿಗೆ ಗೊತ್ತಾಗುವುದಿಲ್ಲ. ಹೆಂಗಸರ ಸಾಲಿನಲ್ಲಿ ಕೂತ ಪೆರ್ಲಾ ಆ ತುಟಿಗಳನ್ನೇ ನೋಡುತ್ತ ಹಲ್ಲು ಕಡಿಯುತ್ತಾಳೆ. ನಾನು ಗಂಟಲು ಹರಿದುಕೊಂಡದ್ದು ಗೋಡೆಗೆ ಎಂದು ಅಣ್ಣನ ಹತ್ತಿರ ಹೇಳಿ ಹೇಳಿ ಅವನಿಗೂ ಬೇಸರ ಬಂದಿತ್ತು.

ಆ ವರ್ಷ ಹಾಜರಿ ಪುಸ್ತಕದಲ್ಲಿ ಐದು ಹೆಸರಿದ್ದವು. ಊರಿನ ವೇಷದ ಜಾತ್ರೆ ಕಾರ್ನಿವಲ್ ಮುಗಿದು ಎರಡು ವಾರವಾಗಿದ್ದರೂ ಮಕ್ಕಳ ತಲೆಯಿಂದ ಇಳಿದಿರಲಿಲ್ಲ. ಹತ್ತು ವರ್ಷದ ಮೋಯಿ ಉದ್ದ ಮೂಗಿನ ಬಟ್ಟೆಯ ಮುಖವಾಡ ಹಾಕಿಕೊಂಡೇ ಬಂದು ಕೂರುತ್ತಿದ್ದ. ಅವಳಿ ಹುಡುಗಿಯರಿಬ್ಬರು ಬೆಂಚಿನ ಮೇಲೆ ನಿಂತು ಕಾರ್ನಿವಲ್ ರಾಣಿಯ ಹಾಗೆ ಕೈ ಬೀಸುತ್ತಿದ್ದರು. ಇನ್ನಿಬ್ಬರು ಪುಟ್ಟ ಹುಡುಗರ ಮನಸ್ಸು ಮೈದಾನದಲ್ಲೇ ಇತ್ತು. ಪಾಠ ಮುಗಿದೊಡನೆ ಓಡಲು ಅನುಕೂಲವಾಗಲೆಂದು ಚೆಂಡಾಟದ ಕಾಲುಚೀಲ ಹಾಕಿಕೊಂಡೇ ಬರುತ್ತಿದ್ದರು.

ಪೆರ್ಲಾ ಅಂಗಡಿಯಿಂದ ತಂದ ಮೀಟರ್ ಕೋಲಿನಿಂದ ಮೇಜು ಬಡಿದು ಐದೂ ಹೆಸರು ಕೂಗುತ್ತಿದ್ದಳು. ಪುಸ್ತಕ ಮುಚ್ಚುತ್ತಿದ್ದಂತೆ ಕೊನೆಯ ಕುರ್ಚಿಯಿಂದ ಆರನೆಯ ದನಿ ಬರುತ್ತಿತ್ತು.

"ನಾನೂ ಇದ್ದೀನಿ ಮೋರಾ."

ಮಕ್ಕಳು ಟೀಚರನ್ನು ಕರೆಯುವುದು ಮೋರಾ ಎಂದೇ. ಆ ದನಿ ಯಾದಿರಾಳದು. ಏಳು ವರ್ಷದ ಹುಡುಗಿ. ಅಪ್ಪ ಎಲಿಯಾಸ್ ಕಾಲ್ದೆರೋನ್ ಒಂದು ಕಾಲಕ್ಕೆ ಇದೇ ಕೋಣೆಯಲ್ಲಿ ಪೆರ್ಲಾಳಿಂದ ಬೈಸಿಕೊಂಡವನು. ಅಮ್ಮ ನುಬಿಯಾ ಊರಿನ ಹುಡುಗಿ, ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡವಳು, ಯೆಹೂದಿಯಲ್ಲ. ಅಮ್ಮ ಯೆಹೂದಿಯಾಗಿದ್ದರೆ ಮಗು ಯೆಹೂದಿ; ಅಪ್ಪನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಯಾದಿರಾಳ ಹೆಸರನ್ನು ಪುಸ್ತಕದಲ್ಲಿ ಬರೆಯಬಾರದೆಂದು ಸಮಿತಿ ಹೇಳಿತ್ತು. ಅವಳನ್ನು ಸೇರಿಸಿಕೊಳ್ಳಬಹುದೇ ಎಂದು ಬೊಗೊತಾದಲ್ಲಿರುವ ಧರ್ಮಗುರು ರಬ್ಬಿಗೆ ಕಾಗದ ಹೋಗಿತ್ತು. ನೋಡೋಣ ಎಂದು ಉತ್ತರ ಬಂದಿತ್ತು. ಆ ನೋಡೋಣಕ್ಕೆ ಎರಡು ವರ್ಷ ತುಂಬಿತ್ತು. ಎರಡು ವರ್ಷವೂ ಎಲಿಯಾಸ್ ಪ್ರತಿ ಭಾನುವಾರ ಮಗಳನ್ನು ಮೋಟಾರು ಸೈಕಲ್ಲಿನಲ್ಲಿ ತಂದು ಗೇಟಿನಲ್ಲಿ ಇಳಿಸಿ, ಯಾರ ಮುಖವನ್ನೂ ನೋಡದೆ ಹೋಗಿಬಿಡುತ್ತಿದ್ದ.

ಯಾದಿರಾ ಪೆರ್ಲಾಳ ಮುದ್ದಿನ ಶಿಷ್ಯೆಯೇನಲ್ಲ. ನಿಜ ಹೇಳಬೇಕೆಂದರೆ ಆರು ಮಕ್ಕಳಲ್ಲಿ ಅವಳಷ್ಟು ತಲೆ ತಿನ್ನುವ ಮಗು ಇನ್ನೊಂದಿರಲಿಲ್ಲ. ಮಿಕ್ಕವರು ಕೇಳಿಸಿಕೊಳ್ಳುವುದೇ ಇಲ್ಲವಾದ್ದರಿಂದ ಪ್ರಶ್ನೆ ಕೇಳುವುದೂ ಇಲ್ಲ. ಇವಳು ಎಲ್ಲವನ್ನೂ ಕೇಳಿಸಿಕೊಂಡು ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದಳು.

ಆ ಭಾನುವಾರ ಗಲಾಟೆ ಶುರುವಾದದ್ದು ಮೋಯಿಯಿಂದ. ಹಳೆಯ ಪ್ರಾರ್ಥನೆಯ ಪುಸ್ತಕದಿಂದ ಬಿಟ್ಟುಬಂದಿದ್ದ ಒಂದು ಹಾಳೆಯನ್ನು ಮಡಿಸಿ ವಿಮಾನ ಮಾಡಿ ಹಾರಿಸಿದ. ಅದು ಫ್ಯಾನಿಗೆ ಬಡಿದು ಪೆರ್ಲಾಳ ಕಾಲ ಬಳಿ ಬಿತ್ತು. ಅವಳ ಪಿತ್ತ ನೆತ್ತಿಗೇರಿತು.

"ಏನೋ ಇದು? ಯಾವುದರಲ್ಲಿ ವಿಮಾನ ಮಾಡಿದೀಯ ಗೊತ್ತೇನೋ ನಿಂಗೆ?"

"ಹಳೇ ಹಾಳೆ ಮೋರಾ. ಹರಿದು ಹೋಗಿತ್ತು."

"ಹರಿದು ಹೋದ್ರೆ ಎಸೀತಾರಾ? ಇದರಲ್ಲಿ ದೇವರ ಹೆಸರಿದೆ ಕಣೋ." ಅವಳು ಹಾಳೆಯನ್ನು ಬಿಡಿಸಿ ಎಲ್ಲರ ಮುಂದೆ ಹಿಡಿದಳು. ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟಳು. "ಇದು. ಇದನ್ನ ಬರೆದಿರೋ ಹಾಗೆ ಓದೋದೂ ಇಲ್ಲ ನಾವು. ಇದಿರೋ ಹಾಳೆ ಹಳೇದಾದ್ರೆ ಮನುಷ್ಯರನ್ನ ಹೂಳೋ ಹಾಗೆ ಸ್ಮಶಾನಕ್ಕೆ ತಗೊಂಡು ಹೋಗಿ ಹೂಳ್ತೀವಿ. ಒಂದ್ಸಲ ಬರೆದ್ರೆ ಮುಗೀತು. ಹರಿಯೋ ಹಾಗಿಲ್ಲ, ಸುಡೋ ಹಾಗಿಲ್ಲ, ಅಳಿಸೋ ಹಾಗಿಲ್ಲ."

ಮೋಯಿ ಮುಖವಾಡದ ಮೂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಅವಳಿಗಳಲ್ಲಿ ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚುತ್ತಿದ್ದಳು. ಕೊನೆಯ ಕುರ್ಚಿಯಿಂದ ಮಾತ್ರ ಪ್ರಶ್ನೆ ಬಂತು.

"ಯಾರೂ ಅಳಿಸಬಾರದಾ ಮೋರಾ?"

"ಯಾರೂ."

"ನಮ್ಮ ಅಧ್ಯಕ್ಷರು ದೋನ್ ಹಾಕೋಬೋ ಕೂಡಾ?"

"ದೋನ್ ಹಾಕೋಬೋ ಅವರಪ್ಪ ಎದ್ದು ಬಂದ್ರೂ ಅಳಿಸೋ ಹಾಗಿಲ್ಲ. ಈಗ ಬಾಯಿ ಮುಚ್ಚಿಕೊಂಡು ಕೂತ್ಕೋ, ನಾಟಕದ ಪಾತ್ರ ಹಂಚಬೇಕು."

ಪೂರಿಮ್ ಹಬ್ಬಕ್ಕೆ ಎರಡೇ ವಾರವಿತ್ತು. ಅಂದು ಇಡೀ ಸಮುದಾಯದ ಮುಂದೆ ಮಕ್ಕಳು ಎಸ್ತೇರ್ ರಾಣಿಯ ಕಥೆ ಆಡುತ್ತಾರೆ. ಪೆರ್ಲಾ ಬೋರ್ಡಿನ ಬಲ ಮೂಲೆಯಲ್ಲಿ ಹೆಸರುಗಳನ್ನು ಒಂದರ ಕೆಳಗೊಂದು ಬರೆದಳು. ಎಸ್ತೇರ್ ಪಾತ್ರಕ್ಕೆ ಅವಳಿಗಳಿಬ್ಬರೂ ಕೂದಲು ಹಿಡಿದು ಜಗಳವಾಡಿದ್ದರಿಂದ, ಮೊದಲ ಅರ್ಧ ಒಬ್ಬಳು, ಕೊನೆಯರ್ಧ ಇನ್ನೊಬ್ಬಳು ಎಂದಾಯಿತು. ಮೋಯಿ ಖಳನಾಯಕ, ಮೂಗು ಹೇಗೂ ಸಿದ್ಧವಿತ್ತು. ಪುಟ್ಟ ಹುಡುಗರಲ್ಲಿ ಒಬ್ಬ ರಾಜ, ಇನ್ನೊಬ್ಬ ಎಸ್ತೇರಳ ಚಿಕ್ಕಪ್ಪನ ಮಗ. ಉಳಿದದ್ದು ವಷ್ತಿ, ಕಥೆ ಶುರುವಾಗುವ ಮೊದಲೇ ರಾಜ ಅರಮನೆಯಿಂದ ಓಡಿಸಿಬಿಡುವ ಮೊದಲ ರಾಣಿ. ಆ ಪಾತ್ರ ಯಾರಿಗೂ ಬೇಡ. ಅದರ ಮುಂದೆ ಯಾದಿರಾ ಎಂದು ಬರೆದಳು. ಅದನ್ನು ಬರೆಯುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಸಮಿತಿ ಹೇಳಿದ್ದು ಹಾಜರಿ ಪುಸ್ತಕದ ವಿಷಯ, ಬೋರ್ಡಿನದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಷ್ಟರಲ್ಲೇ ಹಾಕೋಬೋ ಕ್ರಾಸ್ನೆರ್ ಬಾಗಿಲಲ್ಲಿ ಕಾಣಿಸಿಕೊಂಡ. ಊರಿಗೆಲ್ಲ ದೋನ್ ಹಾಕೋಬೋ, ಸಮುದಾಯದ ಅಧ್ಯಕ್ಷ, ಮೋಯಿಯ ಅಜ್ಜ. ಪೆರ್ಲಾಗೆ ಬರೀ ಹಾಕೋಬೋ. ಐವತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅವಳ ಪಕ್ಕದಲ್ಲಿ ಕೂತು ಅವಳ ನೋಟುಪುಸ್ತಕದಿಂದ ಕಾಪಿ ಹೊಡೆದವನು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಒಳಗೆ ಬಂದು, ಮೊಮ್ಮಗನ ತಲೆ ಸವರಿ, ಬೋರ್ಡು ನೋಡಿದ. ಪಟ್ಟಿಯ ಕೊನೆಯವರೆಗೆ ಓದಿದ. ಬಟ್ಟೆಯ ಡಸ್ಟರ್ ತೆಗೆದುಕೊಂಡು ಕೊನೆಯ ಹೆಸರನ್ನು ಒರೆಸಿದ. ಒಮ್ಮೆ ಅಲ್ಲ, ಮೂರು ಸಲ, ಗುರುತೂ ಉಳಿಯದ ಹಾಗೆ.

"ಪೆರ್ಲಾ, ಸ್ವಲ್ಪ ಹೊರಗೆ ಬಾ."

ಪೆರ್ಲಾ ಹೊರಗೆ ಹೋದಳು. ಹೋಗುವಾಗ ಕೊನೆಯ ಕುರ್ಚಿಯ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಪುಸ್ತಕದಲ್ಲಿ ಬೇಡ ಅಂದ್ರೆ ಬೋರ್ಡಲ್ಲಿ ಬರೀತೀಯ," ಅಂದ ಹಾಕೋಬೋ. "ಹಬ್ಬದ ದಿನ ಎಲ್ಲಾರೂ ಬಂದು ಕೂತಿರ್ತಾರೆ. ನುಬಿಯಾ ಮಗಳು ವೇದಿಕೆ ಹತ್ತಿದ್ರೆ ಯಾರನ್ನ ಕೇಳ್ತಾರೆ? ನಿನ್ನಲ್ಲ, ನನ್ನ."

"ಎಲಿಯಾಸ್ ಮಗಳೂ ಹೌದು ಅವಳು."

"ಅದು ಲೆಕ್ಕಕ್ಕಿಲ್ಲ ಅಂತ ನಾನು ಮಾಡಿದ ಕಾನೂನಾ? ಹೇಳು. ನಾನು ಮಾಡಿದ್ದಾ?"

"ನೀನು ಮಾಡಿದ್ದಲ್ಲ. ಆದ್ರೆ ಮಗು ಎದುರಿಗೇ ಒರೆಸಿದ್ದು ನಿನ್ನ ಕೈ. ಅದನ್ನ ಯಾವ ಕಾನೂನು ಹೇಳಿತ್ತು?"

ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ನಾನೇನು ಕಟುಕನಾ ಪೆರ್ಲಾ? ಹುಡುಗಿ ಚುರುಕಿದಾಳೆ, ಅಲ್ಲ ಅಂದ್ನಾ? ರಬ್ಬಿ ಹೂಂ ಅಂದ ದಿನ ನಾನೇ ಕೈಹಿಡಿದು ಕರ್ಕೊಂಡು ಬರ್ತೀನಿ. ಅಲ್ಲೀವರೆಗೆ ಬೇಡ. ಮುಂದಿನ ಭಾನುವಾರದಿಂದ ಅವಳು ಬರೋದು ಬೇಡ. ಎಲಿಯಾಸ್‌ಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ಇಪ್ಪತ್ತೇಳು ವರ್ಷದಲ್ಲಿ ಒಂದು ಮಗು ಹಾಕೋಬೋ, ತಾನಾಗೇ ಕಲೀಬೇಕು ಅಂತ ಬರೋ ಒಂದೇ ಒಂದು ಮಗು ಬಂದಿದೆ. ಅದನ್ನ ಕಳಿಸು ಅಂತೀಯ. ನಿನ್ನ ಮೊಮ್ಮಗ ಇವತ್ತು ಪ್ರಾರ್ಥನೆ ಪುಸ್ತಕದಲ್ಲಿ ವಿಮಾನ ಮಾಡಿದ. ಅವನು ಇರಲಿ. ಅವನು ನಮ್ಮವನು."

"ಅವನಿಗೆ ನಾನು ಬುದ್ಧಿ ಹೇಳ್ತೀನಿ."

"ನಿಂಗೆ ಯಾರು ಹೇಳ್ತಾರೆ?"

ಅವನು ಕರವಸ್ತ್ರ ಜೇಬಿಗಿಟ್ಟು ಗೇಟಿನ ಕಡೆ ನಡೆದ. ಪೆರ್ಲಾ ಬಾದಾಮಿ ಮರದ ಕೆಳಗೆ ನಿಂತು ಉಸಿರು ಸುಧಾರಿಸಿಕೊಂಡಳು. ಒಳಗೆ ಹೋಗಿ ಆ ಮಗುವಿಗೆ ಏನು ಹೇಳುವುದು? ನನ್ನ ಕೈಲಾಗಲ್ಲ ಎಂದು ಡಬ್ಬಿ ಎಸೆದು ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು. ಆಗ ಅವಳಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಕೋಣೆಯಿಂದ ಸದ್ದೇ ಬರುತ್ತಿರಲಿಲ್ಲ. ಐದು ನಿಮಿಷ ಬೆನ್ನು ತಿರುಗಿಸಿದರೆ ಮೇಜು ಮಗುಚಿ ಹಾಕುವ ಮಕ್ಕಳು ತುಟಿ ಪಿಟಕ್ಕೆನ್ನದೆ ಕೂತಿದ್ದವು.

ಅವಳು ಓಡಿಯೇ ಒಳಗೆ ಬಂದಳು. ಯಾದಿರಾ ಬೋರ್ಡಿನ ಮುಂದೆ ಕುರ್ಚಿಯ ಮೇಲೆ ನಿಂತಿದ್ದಳು, ಮೊಣಕೈಯವರೆಗೆ ಸೀಮೆಸುಣ್ಣ. ಹೆಸರು ಅಳಿಸಿಹೋದ ಮೂಲೆಯಲ್ಲಿ, ಬಿಚ್ಚಿಟ್ಟ ಹಾಳೆಯನ್ನು ನೋಡಿಕೊಂಡು, ಗೇಣುದ್ದದ ನಾಲ್ಕು ಅಕ್ಷರಗಳನ್ನು ಬರೆದಿದ್ದಳು. ದೇವರ ಹೆಸರು. ಅದರ ಅಕ್ಷರಗಳ ಸಂದಿಯಲ್ಲಿ, ಕಾಲುಗಳ ಕೆಳಗೆ, ಒಂದಕ್ಕೊಂದು ಅಂಟಿಸಿದ ಹಾಗೆ ಪುಟ್ಟ ಪುಟ್ಟ ಹೀಬ್ರೂ ಅಕ್ಷರಗಳಲ್ಲಿ ತನ್ನ ಹೆಸರನ್ನು ತುರುಕಿದ್ದಳು.

ಪೆರ್ಲಾಳ ಕೈ ಅಭ್ಯಾಸಬಲದಿಂದ ಡಸ್ಟರ್ ಕಡೆ ಹೋಯಿತು.

"ಬೇಡ ಮೋರಾ," ಅಂದ ಮೋಯಿ. ಮುಖವಾಡ ತೆಗೆದಿದ್ದ. "ಅಳಿಸೋ ಹಾಗಿಲ್ಲ ಅದನ್ನ."

ಹಾಗಾದರೆ ಕೇಳಿಸಿಕೊಂಡಿದ್ದ, ಬಡ್ಡಿಮಗ. ಪೆರ್ಲಾ ಕೈ ಹಿಂದಕ್ಕೆ ತೆಗೆದಳು.

"ಯಾಕೆ ಬರೆದೆ ಇದನ್ನ?"

"ನನ್ನ ಹೆಸರು ಒಂದೇ ಇದ್ರೆ ಅಳಿಸ್ತಾರೆ ಮೋರಾ," ಅಂದಳು ಯಾದಿರಾ. ಅವಳ ಕಣ್ಣಲ್ಲಿ ನೀರಿರಲಿಲ್ಲ, ತಪ್ಪು ಮಾಡಿದ ಭಯವೂ ಇರಲಿಲ್ಲ. "ಅದರ ಜೊತೆ ಇದ್ರೆ ಯಾರೂ ಮುಟ್ಟಲ್ಲ. ನೀವೇ ಹೇಳಿದ್ರಲ್ಲ."

ಪೆರ್ಲಾ ಕುರ್ಚಿ ಎಳೆದುಕೊಂಡು ಕೂತಳು. ಬೈಯಬೇಕಿತ್ತು. ಆ ನಾಲ್ಕು ಅಕ್ಷರ ಗೋಡೆಯ ಮೇಲೆ ಬರೆಯುವಂಥದಲ್ಲ, ಅದು ದೊಡ್ಡ ತಪ್ಪೇ. ಆದರೂ ಅವಳ ಟೀಚರ್ ಕಣ್ಣು ಸುಮ್ಮನಿರಲಿಲ್ಲ. ಒಂದೊಂದೇ ಗೆರೆಯನ್ನು ತಿದ್ದಲು ಹೊರಟಿತು. ತಿದ್ದಲು ಏನೂ ಇರಲಿಲ್ಲ. ವರ್ಷಪೂರ್ತಿ ಹೊಡೆದುಕೊಂಡರೂ ಮಿಕ್ಕ ಐವರಲ್ಲಿ ಒಬ್ಬರಿಗೂ ತಮ್ಮ ಹೆಸರನ್ನು ಆ ಲಿಪಿಯಲ್ಲಿ ನೆಟ್ಟಗೆ ಬರೆಯಲು ಬಂದಿರಲಿಲ್ಲ.

ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದವರು ಅವಳಿಗಳು. ಬುಧವಾರ ಸಂಜೆಯ ಪ್ರಾರ್ಥನೆಗೆ ಮುಂಚೆ ಹನ್ನೊಂದು ಜನ ಗಂಡಸರು ಆ ಕೋಣೆಯಲ್ಲಿ ನೆರೆದಿದ್ದರು. ಪೆರ್ಲಾ ಅಂಗಡಿಯಿಂದ ಅರ್ಧಕ್ಕೇ ಎದ್ದು ಬಂದಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಫ್ಯಾನು ನೋಡಿ ಎಂದು ಕರೆದರೆ ಒಬ್ಬರೂ ಬಂದವರಲ್ಲ. ಕಿಟಕಿಯ ಗಾಜು ಒಡೆದಾಗ ಅಂಗಡಿಯ ಬಟ್ಟೆ ತಂದು ತಾನೇ ಮೊಳೆ ಹೊಡೆದಿದ್ದಳು. ಈಗ ನೋಡಿದರೆ ಕೂರಲು ಜಾಗವಿಲ್ಲದೆ ಮಕ್ಕಳ ಬೆಂಚುಗಳ ಮೇಲೆ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದಾರೆ.

ಎಲ್ಲರಿಗಿಂತ ತಿಳಿದವರು ಎಂಬತ್ತು ದಾಟಿದ ಅಬ್ರಾಮ್ ತಾತ, ಹಳೆಯ ದರ್ಜಿ. ಕನ್ನಡಕ ಹಣೆಗೇರಿಸಿ ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಕೈಯಾರೆ ಅಳಿಸೋದು ತಪ್ಪು," ಅಂದರು. "ತಾನಾಗೇ ಹೋದ್ರೆ ತಪ್ಪಿಲ್ಲ. ಬೋರ್ಡು ಬಿಚ್ಚಿ ಅಂಗಳದಲ್ಲಿ ಇಡಿ. ಮಳೆ ಬಂದ್ರೆ ತೊಳ್ಕೊಂಡು ಹೋಗುತ್ತೆ."

"ಮಳೆಗೆ ಇನ್ನೂ ಎರಡು ತಿಂಗಳಿದೆ ತಾತ," ಅಂದ ಹಲ್ಲಿನ ಡಾಕ್ಟರ್.

"ಇರಲಿ. ಕಾಯೋಣ."

"ಬೋರ್ಡು ಬಿಚ್ಚೋದು ಹೇಗೆ?" ಅಂದಳು ಪೆರ್ಲಾ. "ಅದು ಹಲಗೆ ಅಲ್ಲ. ಸಿಮೆಂಟು ಗೋಡೆಗೆ ಹಸಿರು ಬಣ್ಣ ಬಳಿದಿರೋದು. ಹಲಗೆ ಕೊಡ್ಸಿ ಅಂತ ಹತ್ತು ವರ್ಷದಿಂದ ಕೇಳ್ತಾನೇ ಇದ್ದೆ. ಈಗ ಗೋಡೆ ಹೊತ್ಕೊಂಡು ಹೋಗಿ ಅಂಗಳದಲ್ಲಿ ಇಡಿ."

"ಮೇಲೆ ಛಾವಣಿಯ ಎರಡು ಶೀಟು ತೆಗೆಸಿದ್ರೆ ಮಳೆ ಇಲ್ಲೇ ಬೀಳುತ್ತಲ್ಲ," ಅಂದ ಒಬ್ಬ ವಕೀಲ.

"ಬೀಳುತ್ತೆ. ಮಕ್ಕಳ ತಲೆ ಮೇಲೂ ಬೀಳುತ್ತೆ."

ಒಂದು ಗಂಟೆ ಹೀಗೇ ನಡೆಯಿತು. ಗೋಡೆಯ ಗಾರೆ ಕೆತ್ತಿ ತೆಗೆದು ಸ್ಮಶಾನದಲ್ಲಿ ಹೂಳಬೇಕು ಎಂದರು. ಮೇಲೊಂದು ಗಾಜು ಕೂರಿಸಬೇಕು ಎಂದರು. ಹುಡುಗಿಯ ಹೆಸರನ್ನಷ್ಟೇ ಒದ್ದೆ ಬಟ್ಟೆಯಿಂದ ತೆಗೆಯಬಹುದು ಎಂದರು. ಅಬ್ರಾಮ್ ತಾತ ಮತ್ತೊಮ್ಮೆ ಮೂಗು ತಾಗಿಸಿ ನೋಡಿ, ಸೂಜಿಮೊನೆಯಷ್ಟೂ ಸಂದಿಯಿಲ್ಲ, ಒಂದಕ್ಕೆ ಕೈಹಚ್ಚಿದರೆ ಇನ್ನೊಂದು ಹೋಗುತ್ತದೆ ಎಂದರು. ಏಳು ವರ್ಷದ ಮಗು ಇದನ್ನು ಇಷ್ಟು ಚೆನ್ನಾಗಿ ಬರೆಯಲು ಎಲ್ಲಿ ಕಲಿಯಿತು ಎಂದು ಹನ್ನೊಂದು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಪೆರ್ಲಾಗೆ ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಕೊನೆಗೆ ಹಾಕೋಬೋ ಎದ್ದು ನಿಂತ. ಬೆಂಚಿನಿಂದ ಏಳಲು ಇಬ್ಬರು ಕೈಕೊಡಬೇಕಾಯಿತು.

"ಇಷ್ಟು ಯೋಚನೆ ಯಾಕೆ? ಬರೆದವಳು ಯೆಹೂದಿ ಅಲ್ಲ. ಅವಳು ಬರೆದದ್ದು ಪವಿತ್ರಾನೂ ಅಲ್ಲ. ಬರೀ ಸೀಮೆಸುಣ್ಣ. ಭಾನುವಾರ ಬೆಳಿಗ್ಗೆ ನಾನೇ ಬಂದು ಒರೆಸ್ತೀನಿ."

ಎಲ್ಲರೂ ಅಬ್ರಾಮ್ ತಾತನ ಮುಖ ನೋಡಿದರು.

"ಹಾಗೆ ಹೇಳೋರೂ ಇದ್ದಾರೆ," ಅಂದರು ತಾತ, ಕನ್ನಡಕ ಇಳಿಸಿಕೊಳ್ಳುತ್ತ. "ನಾನಂತೂ ಮುಟ್ಟಲ್ಲಪ್ಪ. ಕೈ ನಿಂದು, ಹೊಣೇನೂ ನಿಂದೇ."

ಮರುದಿನ ಎಲಿಯಾಸ್ ಬಟ್ಟೆ ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೆ ಬಾಗಿಲ ಬಳಿಯೇ ಹೆಲ್ಮೆಟ್ ಹಿಡಿದು ನಿಂತಿದ್ದ, ಹಿಂದೆ ಮನೆಪಾಠ ಬರೆಯದೆ ಬಂದ ದಿನ ನಿಲ್ಲುತ್ತಿದ್ದ ಹಾಗೆಯೇ.

"ಇನ್ನು ಕಳಿಸಲ್ಲ ಮೋರಾ," ಅಂದ. "ನುಬಿಯಾ ಸಾಕು ಅಂತಿದಾಳೆ. ಎರಡು ವರ್ಷ ಹೆಸರಿಲ್ದೆ ಕೂತಿದ್ದು ಸಾಲ್ದಾ ಅಂತಾಳೆ. ನಂಗೂ ಹಾಗೇ ಅನ್ಸುತ್ತೆ."

"ಈ ಭಾನುವಾರ ಒಂದು ಕಳಿಸು."

"ಯಾಕೆ, ಕಣ್ಣೆದುರಿಗೇ ಅಳಿಸೋದು ನೋಡಕ್ಕಾ?"

"ಹೌದು. ಅಳಿಸೋದಾದ್ರೆ ಅವಳ ಕಣ್ಣೆದುರಿಗೇ ಅಳಿಸ್ಲಿ. ಅವಳಿಲ್ದಿದ್ದಾಗ ಅಳಿಸೋದು ಸುಲಭ."

ಎಲಿಯಾಸ್ ಹೆಲ್ಮೆಟ್ ತಲೆಗೇರಿಸಿದ. "ಅವಳು ಅತ್ತರೆ ನೀವೇ ಸಮಾಧಾನ ಮಾಡಬೇಕು," ಎಂದು ಹೇಳಿ ಹೋದ. ಅವನು ಹೋದ ಮೇಲೆ ಪೆರ್ಲಾಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರು ಮೀಟರ್ ಕತ್ತರಿಸಬೇಕಿದ್ದ ಲಿನನ್ ಬಟ್ಟೆಯನ್ನು ಎರಡೂವರೆಗೇ ಕತ್ತರಿಸಿ ಅಣ್ಣನ ಕೈಲಿ ಬೈಸಿಕೊಂಡಳು. ಹಾಕೋಬೋನ ಹಟ ಅವಳಿಗೆ ಗೊತ್ತು. ಅವನು ಒರೆಸಿಯೇಬಿಟ್ಟರೆ? ಒಂದು ಸಲ ಒರೆಸಿದ್ದನ್ನು ನೋಡಿದ ಮಗುವಿಗೆ ಎರಡನೆಯ ಸಲವೂ ತೋರಿಸಲು ತಾನೇ ಕರೆದಂತಾಗುವುದಿಲ್ಲವೇ? ಶನಿವಾರದ ಪ್ರಾರ್ಥನೆಯಲ್ಲಿ ಅವಳೂ ಬರೀ ತುಟಿ ಅಲುಗಾಡಿಸಿದಳು.

ಭಾನುವಾರ ಒಂಬತ್ತೂವರೆಗೆ ಆರು ಮಕ್ಕಳೂ ಇದ್ದವು. ಯಾದಿರಾ ಕೊನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಹಿಂದೆ ಗೋಡೆಗೊರಗಿ ಅಬ್ರಾಮ್ ತಾತ ನಿಂತಿದ್ದರು, ಯಾರು ಕರೆದಿದ್ದರೋ. ಹಾಕೋಬೋ ಬಂದ. ಮಕ್ಕಳನ್ನೆಲ್ಲ ಒಮ್ಮೆ ನೋಡಿದ. ಆರನೆಯದನ್ನು ನೋಡಿ ಅವನ ಮುಖ ಗಂಟಿಕ್ಕಿತು.

"ಇವಳು ಬರಬಾರದು ಅಂದಿದ್ದೆ."

"ಬಂದಿದಾಳೆ," ಅಂದಳು ಪೆರ್ಲಾ. ಡಸ್ಟರ್ ತಂದು ಅವನ ಕೈಗೆ ಕೊಟ್ಟಳು. "ತಗೋ."

ಅವನು ತೆಗೆದುಕೊಂಡು ಬೋರ್ಡಿನ ಮುಂದೆ ನಿಂತ. ಅಲ್ಲಿ ನಿಂತ ಅವನ ಬೆನ್ನು ಪೆರ್ಲಾಗೆ ಬಹಳ ಹಳೆಯ ಪರಿಚಯದ್ದು. ಹುಡುಗನಾಗಿದ್ದಾಗಲೂ ಬೋರ್ಡಿಗೆ ಕರೆದರೆ ಹೀಗೆಯೇ ಭುಜ ಮೇಲೇರಿಸಿ ನಿಲ್ಲುತ್ತಿದ್ದ.

"ಅಜ್ಜ," ಅಂದ ಮೋಯಿ.

"ಏನೋ?"

"ಅಳಿಸಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಸುಮ್ನಿರು."

"ಹಾಗಾದ್ರೆ ವಿಮಾನ ಮಾಡಿದ್ದಕ್ಕೆ ನಂಗ್ಯಾಕೆ ಒಂದು ವಾರ ಚೆಂಡು ಮುಟ್ಟಬೇಡ ಅಂದ್ರಿ?"

ಅವಳಿಗಳು ಕಿಸಕ್ಕೆಂದು ನಕ್ಕರು. ಹಾಕೋಬೋನ ಕಿವಿ ಕೆಂಪಾಯಿತು. ಅವನು ಡಸ್ಟರನ್ನು ಮೇಲೆತ್ತಿದ. ನಾಲ್ಕು ಅಕ್ಷರದ ಎದುರಿಗೆ ಅದು ಒಂದು ಗೇಣು ದೂರದಲ್ಲಿ ನಿಂತಿತು. ಅವನು ಅದನ್ನು ಇಳಿಸಿ, ಕರವಸ್ತ್ರ ತೆಗೆದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಬೆರಳಿಗೆ ಸುತ್ತಿಕೊಂಡ. ಪುಟ್ಟ ಅಕ್ಷರಗಳನ್ನಷ್ಟೇ ತೆಗೆಯಲು ಸಂದಿ ಹುಡುಕುತ್ತ ಬಲದಿಂದ ಎಡಕ್ಕೆ ಬೆರಳು ಸರಿಸಿದ. ಹುಡುಕುವಾಗ ಅವನ ತುಟಿ ಅಲುಗುತ್ತಿತ್ತು. ಬೆರಳು ಕೊನೆಗೆ ಬಂದಾಗ ಆ ತುಟಿಯಿಂದ ಯಾದಿರಾಳ ಹೆಸರೇ ಹೊರಗೆ ಬಂತು, ಎಲ್ಲರಿಗೂ ಕೇಳುವಷ್ಟು.

"ಹಾಕೋಬೋ," ಅಂದಳು ಪೆರ್ಲಾ. ಅವಳ ತಾಳ್ಮೆ ಮುಗಿದಿತ್ತು. "ಬುಧವಾರ ಹನ್ನೊಂದು ಜನರ ಮುಂದೆ ನೀನೇ ಹೇಳಿದ್ದು. ಅವಳು ನಮ್ಮವಳಲ್ದೇ ಇದ್ರೆ ಅದು ಬರೀ ಸೀಮೆಸುಣ್ಣ. ಒರೆಸು, ಅವಳಿಗೆ ನಾನೇ ಹೇಳಿ ಕಳಿಸ್ತೀನಿ. ಒರೆಸಕ್ಕಾಗಲ್ಲ ಅಂದ್ರೆ ಅವಳು ನಮ್ಮವಳು. ಎರಡರಲ್ಲಿ ಒಂದು ಮಾಡಿ ಹೋಗು. ನಂಗೆ ಪಾಠ ಇದೆ."

ಫ್ಯಾನು ಕಿರ್ ಎನ್ನುತ್ತಿತ್ತು. ಮೈದಾನದಲ್ಲಿ ಯಾರೋ ಗೋಲು ಹೊಡೆದು ಕೂಗಿದರು; ಕಾಲುಚೀಲದ ಹುಡುಗರಿಬ್ಬರೂ ಆ ಕಡೆ ತಿರುಗಲಿಲ್ಲ. ಹಾಕೋಬೋ ಬೆರಳಿಗೆ ಸುತ್ತಿದ ಕರವಸ್ತ್ರ ಬಿಚ್ಚಿದ. ಡಸ್ಟರ್ ಕೈಯಲ್ಲಿತ್ತು. ಅವನು ಕಣ್ಣು ಮುಚ್ಚಿದ್ದು ಪೆರ್ಲಾಗೆ ಪಕ್ಕದಿಂದ ಕಂಡಿತು. ಒರೆಸಿಬಿಡುತ್ತಾನೆ ಎಂದುಕೊಂಡಳು.

"ನನ್ನ ಕೈಲಾಗಲ್ಲ," ಅಂದ ಅವನು, ಬೋರ್ಡಿಗೆ ಹೇಳುವಂತೆ.

ಆಮೇಲೆ ತಿರುಗಿದ. ಯಾದಿರಾಳನ್ನು ಮೊದಲ ಸಲ ನೇರವಾಗಿ ನೋಡಿದ. "ಯಾರ ಹತ್ರ ಕಲಿತೆ ಇದನ್ನ ಬರೆಯೋಕೆ?"

"ಮೋರಾ ಹತ್ರ."

"ಗೋಡೆ ಮೇಲೆ ಬರೀಬಾರದು. ಇನ್ನೊಂದ್ಸಲ ಬರೆದ್ರೆ ನೋಡು." ಪೆರ್ಲಾಳ ಕಡೆ ಬೆರಳು ಮಾಡಿದ. "ರಬ್ಬಿಯಿಂದ ಉತ್ತರ ಬರೋವರೆಗೆ ಪುಸ್ತಕದಲ್ಲಿ ಬರ್ಕೋ. ಪಾಠಕ್ಕೆ ಮಾತ್ರ, ತಿಳೀತಾ? ನಾಟಕದ್ದು ಆಮೇಲೆ ನೋಡೋಣ."

ಇನ್ನೊಂದು ನೋಡೋಣ. ಪೆರ್ಲಾಗೆ ಅದನ್ನು ಅಲ್ಲೇ ಹಿಡಿದು ಜಗಳ ತೆಗೆಯುವ ಮನಸ್ಸಾಯಿತು. ಅಷ್ಟರಲ್ಲಿ ಅವನು ಡಸ್ಟರನ್ನು ಕರವಸ್ತ್ರವೆಂದು ತಿಳಿದು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಒದ್ದೆ ಕರವಸ್ತ್ರವನ್ನು ಮೇಜಿನ ಮೇಲೆ ಬಿಟ್ಟು, ಬಾಗಿಲು ದಾಟಿದ್ದ. ಅಬ್ರಾಮ್ ತಾತ ಅವನ ಹಿಂದೆಯೇ ಹೋದರು. ಹೋಗುವಾಗ ಕೊನೆಯ ಕುರ್ಚಿಯ ಬಳಿ ನಿಂತು ಜೇಬಿನಿಂದ ಒಂದು ಸಕ್ಕರೆ ಮಿಠಾಯಿ ತೆಗೆದು ಇಟ್ಟರು. ಅದಕ್ಕಾಗಿ ಅವಳಿಗಳು ಆಗಲೇ ಗಲಾಟೆ ಶುರುಮಾಡಿದರು.

ಪೆರ್ಲಾಗೆ ಗೆದ್ದ ಖುಷಿ ಬರಲಿಲ್ಲ, ತಲೆನೋವು ಬಂತು. ಇದ್ದ ಒಂದು ಬೋರ್ಡಿನಲ್ಲಿ ಬಲಗಡೆಯ ಅರ್ಧ ಹೋಯಿತು. ಹೀಬ್ರೂ ಶುರುವಾಗುವುದೇ ಬಲಗಡೆಯಿಂದ. ಅದರ ಮೇಲೆ ಇಳಿಬಿಡಲು ಅಂಗಡಿಯಿಂದ ಪರದೆಯ ಬಟ್ಟೆ ತರಬೇಕು. ಉಳಿದರ್ಧ ಒರೆಸಲು ಡಸ್ಟರ್ ಇಲ್ಲ. ಹಬ್ಬಕ್ಕೆ ಒಂದೇ ವಾರ, ಒಬ್ಬರಿಗೂ ಮಾತು ಬಾಯಿಗೆ ಬಂದಿಲ್ಲ. ವಷ್ತಿ ಬರುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಮೋಯಿ ಮತ್ತೆ ಮುಖವಾಡ ಹಾಕಿಕೊಳ್ಳುತ್ತಿದ್ದ.

"ತೆಗಿಯೋ ಅದನ್ನ. ಹಾಜರಿ ಇನ್ನೂ ಆಗಿಲ್ಲ."

ಅವಳು ಪುಸ್ತಕ ತೆರೆದು, ಐದು ಹೆಸರುಗಳ ಕೆಳಗೆ ಪೆನ್ನಿನಿಂದ ಆರನೆಯದನ್ನು ಬರೆದಳು. ಕೋಲಿನಿಂದ ಮೇಜು ಬಡಿದು ಒಂದೊಂದೇ ಕೂಗಿದಳು. ಇದ್ದೀನಿ ಮೋರಾ, ಇದ್ದೀನಿ ಮೋರಾ. ಐದಾಯಿತು.

"ಯಾದಿರಾ ಕಾಲ್ದೆರೋನ್."

ಉತ್ತರವಿಲ್ಲ. ಪೆರ್ಲಾ ತಲೆ ಎತ್ತಿದಳು. ಹುಡುಗಿ ಅಲ್ಲೇ ಇದ್ದಳು, ಬಾಯಿ ಅರ್ಧ ತೆರೆದುಕೊಂಡು.

"ಏನೇ, ಎರಡು ವರ್ಷ ಕರೀದೇ ಇದ್ದಾಗ ಇದ್ದೀನಿ ಇದ್ದೀನಿ ಅಂತ ಕಿವಿ ತೂತು ಮಾಡಿದೆ. ಈಗ ಕರೆದ್ರೆ ಕೇಳಲ್ವಾ?"

"ಕೇಳ್ತು ಮೋರಾ," ಅಂದಳು ಯಾದಿರಾ. "ಇನ್ನೊಂದ್ಸಲ ಕರೀರಿ."

"ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಗದರಿದಳು ಪೆರ್ಲಾ. ಆಮೇಲೆ ಹಾಜರಿ ಪುಸ್ತಕವನ್ನು ಮುಖದ ಹತ್ತಿರಕ್ಕೆ, ಕಣ್ಣು ಯಾರಿಗೂ ಕಾಣದಷ್ಟು ಹತ್ತಿರಕ್ಕೆ ಹಿಡಿದುಕೊಂಡು, ಇನ್ನೊಂದು ಸಲ ಕರೆದಳು.